ಹೆಪ್ಪುಗಟ್ಟದ ಹಾಲು

ಚಿಕ್ಕಬಳ್ಳಾಪುರ ಸೀಮೆಯ ಹಳ್ಳಿಗಳಲ್ಲಿ ಹಸು ಕಟ್ಟಿದವರಿಗೆಲ್ಲ ತಿಳಿದ ಸಂಗತಿಯೊಂದಿದೆ. ಹಸುವಿಗೆ ಕೆಚ್ಚಲುಬಾವು ಬಂದಾಗ ಪಶುವೈದ್ಯರು ಮೊಲೆತೊಟ್ಟಿನೊಳಕ್ಕೆ ಔಷಧಿ ಏರಿಸುತ್ತಾರೆ, ಅಥವಾ ಸೂಜಿಮದ್ದು ಕೊಡುತ್ತಾರೆ; ಕೊಟ್ಟು, ಇನ್ನು ಕೆಲವು ದಿನ ಇದರ ಹಾಲನ್ನು ಡೇರಿಗೆ ಹಾಕಬೇಡಿ ಎಂದು ಹೇಳಿಹೋಗುತ್ತಾರೆ. ಚೆಲ್ಲಲು ಮನಸ್ಸು ಬಾರದ ಮನೆಯಾಕೆ ಆ ಹಾಲನ್ನು ಕಾಯಿಸಿ, ಆರಿಸಿ, ರಾತ್ರಿ ಹೆಪ್ಪು ಹಾಕಿಡುತ್ತಾಳೆ. ಬೆಳಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇರುತ್ತದೆ. ಹೆಪ್ಪು ಹಳೆಯದಿರಬೇಕು, ನಂದಿಬೆಟ್ಟದ ಕಡೆಯಿಂದ ಬೀಸುವ ಚಳಿಗಾಳಿ ಹೆಚ್ಚಾಗಿರಬೇಕು ಎಂದು ಆಕೆ ತರ್ಕಿಸುತ್ತಾಳೆ. ದೋಷ ಹೆಪ್ಪಿನದೂ ಅಲ್ಲ, ಚಳಿಯದೂ ಅಲ್ಲ. ಹಸುವಿನ ರೋಗಾಣುಗಳನ್ನು ಕೊಲ್ಲಲೆಂದು ಕೊಟ್ಟ ಮದ್ದು ಹಾಲಿನಲ್ಲಿ ಇಳಿದುಬಂದು, ಹಾಲನ್ನು ಮೊಸರು ಮಾಡಬೇಕಾಗಿದ್ದ ಜೀವಾಣುಗಳನ್ನೂ ಕೊಂದುಹಾಕಿದೆ.

ಆ ಪಾತ್ರೆಯಲ್ಲಿ ನಡೆದುದೇ ನಮ್ಮ ಹೊಟ್ಟೆಯಲ್ಲಿಯೂ ನಡೆಯುತ್ತದೆ. ಪ್ರತಿಜೈವಿಕ ಔಷಧಿಗಳನ್ನು, ಎಂದರೆ ಊರೂರಿನಲ್ಲೂ ಜನ ಆಂಟಿಬಯೋಟಿಕ್ ಎಂದು ಕರೆಯುವ ಮಾತ್ರೆಗಳನ್ನು, ಐದು ದಿನವೋ ಏಳು ದಿನವೋ ನುಂಗಿ ಜ್ವರ ಬಿಟ್ಟಮೇಲೆ ಕರುಳಿನ ಗತಿಯೇನು, ಅದು ಮತ್ತೆ ಸುಸ್ಥಿತಿಗೆ ಬರುವುದು ಹೇಗೆ ಎಂಬುದೇ ಇಂದಿನ ವಿಷಯ.

ಮೊದಲಿಗೆ ಕೃತಜ್ಞತೆಯ ಮಾತೊಂದನ್ನು ಹೇಳಿಬಿಡಬೇಕು. ಅಲೆಗ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಪೆನಿಸಿಲಿನ್ನನ್ನು ಕಂಡರು; 1948ರ ಹೊತ್ತಿಗೆ ವಿಷಮಶೀತ ಜ್ವರಕ್ಕೆ ಕ್ಲೋರಾಂಫೆನಿಕಾಲ್ ಎಂಬ ಮದ್ದು ದೊರೆಯಿತು. ಅದಕ್ಕೆ ಮುಂಚೆ ವಿಷಮಶೀತ ಹೊಕ್ಕ ಮನೆಯಲ್ಲಿ ಮೂರು ನಾಲ್ಕು ವಾರ ದೀಪ ಆರಿಸುತ್ತಿರಲಿಲ್ಲ. ರೋಗಿ ಉಳಿದರೆ ಅದು ಅದೃಷ್ಟ. ಆ ಕಾಲವನ್ನು ಬಲ್ಲವರು ಈ ಔಷಧಿಗಳನ್ನು ಹಗುರವಾಗಿ ಹಳಿಯಲಾರರು. ವೈದ್ಯರು ಅಗತ್ಯವೆಂದು ಕೊಟ್ಟ ಮದ್ದನ್ನು ಹೊಟ್ಟೆ ಕೆಡುತ್ತದೆಂಬ ಭಯದಿಂದ ನಡುವೆ ನಿಲ್ಲಿಸುವುದು ಸರಿಯಲ್ಲ. ತೊಂದರೆ ಹೆಚ್ಚಾದರೆ ಅವರನ್ನೇ ಕೇಳಿ ನಿರ್ಧರಿಸಬೇಕು.

ನಮ್ಮ ಕರುಳಿನಲ್ಲಿ, ವಿಶೇಷವಾಗಿ ದೊಡ್ಡ ಕರುಳಿನಲ್ಲಿ, ಸೂಕ್ಷ್ಮಜೀವಿಗಳ ಒಂದು ಮಹಾಪ್ರಜೆಯೇ ನೆಲೆಸಿದೆ. ಅವುಗಳ ಸಂಖ್ಯೆ ನಮ್ಮ ದೇಹದ ಜೀವಕೋಶಗಳ ಹತ್ತರಷ್ಟೆಂದು ಬಹುಕಾಲ ಪುಸ್ತಕಗಳಲ್ಲಿ ಬರೆಯುತ್ತಿದ್ದರು. 2016ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಹೊಸದಾಗಿ ಲೆಕ್ಕ ಹಾಕಿ, ಎರಡೂ ಹೆಚ್ಚುಕಡಮೆ ಸಮಸಮವೆಂದು ತೋರಿಸಿದರು: ಜೀವಾಣುಗಳು ಸುಮಾರು 38 ಲಕ್ಷ ಕೋಟಿ, ತೂಕದಲ್ಲಿ ಸುಮಾರು 200 ಗ್ರಾಂ. ನಾವು ಜೀರ್ಣಿಸಿಕೊಳ್ಳಲಾರದೆ ಬಿಟ್ಟ ನಾರನ್ನು ಇವು ಹುದುಗಿಸಿ ಬ್ಯುಟಿರೇಟ್ ಮೊದಲಾದ ಆಮ್ಲಗಳನ್ನು ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಆಹಾರ ಅದೇ. ಇನ್ನೊಂದು ಉಪಕಾರವು ಅವುಗಳ ಇರವಿನಿಂದಲೇ ಆಗುವಂಥದು. ಸ್ಥಳವನ್ನೆಲ್ಲ ತಾವೇ ಆಕ್ರಮಿಸಿಕೊಂಡಿರುವುದರಿಂದ ಹೊರಗಿನ ದುಷ್ಟರಿಗೆ ಅಲ್ಲಿ ಎಡೆ ಸಿಕ್ಕುವುದಿಲ್ಲ. ಪೈರು ಹೋದ ಹೊಲದಲ್ಲಿ ಮೊದಲು ತಲೆಯೆತ್ತುವುದು ಕಳೆಯೆಂಬುದನ್ನು ಒಕ್ಕಲಿಗನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕರುಳಿನ ಈ ಹೊಲದ ಸಂಗತಿ ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರಿಗೆ ಬೇರೊಂದು ದಾರಿಯಿಂದ ಪರಿಚಿತ. ನಾಲ್ಕನೆಯ ಜ್ವರ ಕಳೆದು, ಇನ್ನೇನು ಹಣ್ಣಾಗಬೇಕೆನ್ನುವ ಹುಳು ಸೊಪ್ಪು ಬಿಟ್ಟು, ಮೈ ಸಡಿಲವಾಗಿ ಕೊಳೆಯುವ ಸಪ್ಪೆರೋಗ ಅವರ ಕೈಗೆ ಬಂದ ಫಲವನ್ನು ಕಸಿದುಕೊಳ್ಳುವಂಥದು. ಲೂಯಿ ಪ್ಯಾಸ್ಟರರು 1865ರಲ್ಲಿ ಫ್ರಾನ್ಸಿನ ರೇಷ್ಮೆ ಸೀಮೆಗೆ ಹೋಗಿ ಹಲವು ವರ್ಷ ದುಡಿದು, 1870ರಲ್ಲಿ ಗ್ರಂಥ ಪ್ರಕಟಿಸಿದರು. ಗಂಟುರೋಗವೊಂದನ್ನೇ ಹುಡುಕಿಹೋದ ಅವರಿಗೆ ಅಲ್ಲಿ ಎರಡನೆಯ ರೋಗವಾಗಿ ಕಾಣಿಸಿಕೊಂಡದ್ದು ಈ ಸಪ್ಪೆರೋಗವೇ. ತಿಂದ ಸೊಪ್ಪು ಹುಳುವಿನ ಕರುಳಿನಲ್ಲಿ ಹುಳಿತು, ಜೀವಾಣುಗಳು ಅಳತೆಗೆಟ್ಟು ಬೆಳೆಯುವುದನ್ನು ಅವರು ಸೂಕ್ಷ್ಮದರ್ಶಕದಲ್ಲಿ ಕಂಡರು. ಒದ್ದೆ ಸೊಪ್ಪು, ಸೆಕೆ, ಗಾಳಿಯಾಡದ ಮನೆ, ಇವುಗಳಿಂದ ಹುಳು ಕುಗ್ಗಿದಾಗ ರೋಗ ಬಲಿಯುತ್ತದೆಂದು ಬರೆದರು. ರೋಗಾಣುವಿನ ಸಿದ್ಧಾಂತವನ್ನು ಸ್ಥಾಪಿಸಿದ ಮಹನೀಯರೇ ಅಣುವಿನ ಜೊತೆಗೆ ಅದು ಬೀಳುವ ನೆಲದ ಸ್ಥಿತಿಯನ್ನೂ ಇಷ್ಟು ಒತ್ತಿ ಹೇಳಿದರೆಂಬುದನ್ನು ನಾವು ಅನೇಕ ವೇಳೆ ಮರೆಯುತ್ತೇವೆ.

ಮನುಷ್ಯನ ವಿಷಯಕ್ಕೆ ಬರೋಣ. ಪ್ರತಿಜೈವಿಕ ತೆಗೆದುಕೊಂಡವರಲ್ಲಿ ಕೆಲವರಿಗೆ ಭೇದಿಯಾಗುತ್ತದೆ. ಔಷಧಿ ಯಾವುದೆಂಬುದರ ಮೇಲೆ ನೂರಕ್ಕೆ ಐದು ಮಂದಿಯಿಂದ ಮೂವತ್ತೈದರವರೆಗೂ ಎಂದು ಲೆಕ್ಕ. ಬಹುಪಾಲು ಅದು ತಾನಾಗಿ ನಿಲ್ಲುತ್ತದೆ. ಕಣ್ಣಿಗೆ ಕಾಣುವ ಈ ತೊಂದರೆ ಮುಗಿದಮೇಲೂ ಒಳಗಿನ ಪ್ರಜೆ ಹಿಂದಿನಂತಾಗಲು ಕಾಲ ಬೇಕು. ಡೆನ್ಮಾರ್ಕಿನ ವಿಜ್ಞಾನಿಗಳು 12 ಮಂದಿ ಆರೋಗ್ಯವಂತ ಯುವಕರಿಗೆ ಮೂರು ಬಲವಾದ ಔಷಧಿಗಳನ್ನು ನಾಲ್ಕು ದಿನ ಕೊಟ್ಟು, ಆರು ತಿಂಗಳ ಕಾಲ ಪರೀಕ್ಷಿಸಿ, ಫಲವನ್ನು 2018ರಲ್ಲಿ ಪ್ರಕಟಿಸಿದರು. ಒಂದೂವರೆ ತಿಂಗಳಲ್ಲಿ ಹೆಚ್ಚುಕಡಮೆ ಎಲ್ಲವೂ ಮರಳಿದ್ದವು. ಆದರೆ ಮೊದಲು ಎಲ್ಲರಲ್ಲೂ ಇದ್ದ ಒಂಬತ್ತು ಬಗೆಯ ಜೀವಾಣುಗಳು ಆರು ತಿಂಗಳಾದರೂ ಬಹುಮಂದಿಯಲ್ಲಿ ಪತ್ತೆಯಾಗಲಿಲ್ಲ. ಕರುಳು ತಾನೇ ಚೇತರಿಸಿಕೊಳ್ಳಬಲ್ಲದು, ಆದರೆ ಪ್ರತಿ ಸಲವೂ ಪೂರ್ತಿಯಾಗಿ ಅಲ್ಲ ಎಂಬುದಿಷ್ಟು ಇದರಿಂದ ತಿಳಿಯುತ್ತದೆ. ನೆಗಡಿಗೂ ಮೈಕೈ ನೋವಿಗೂ ಅಂಗಡಿಯಿಂದ ಎರಡು ಮಾತ್ರೆ ತರಿಸಿ ನುಂಗುವ ಅಭ್ಯಾಸವನ್ನು ಈ ಬೆಳಕಿನಲ್ಲಿ ನೋಡಬೇಕು. ನೆಗಡಿ ವೈರಸ್ಸಿನಿಂದ ಬರುವಂಥದು. ಪ್ರತಿಜೈವಿಕಕ್ಕೆ ಅಲ್ಲಿ ಏನೂ ಕೆಲಸವಿಲ್ಲ. ರೋಗ ಅದರಿಂದ ಗುಣವಾಗದು, ನಷ್ಟ ಮಾತ್ರ ಉಳಿಯುತ್ತದೆ.

ಹೋದ ಜೀವಾಣುಗಳನ್ನು ಗುಳಿಗೆಯಲ್ಲಿ ತುಂಬಿ ಮಾರುತ್ತಾರಲ್ಲ, ಅದನ್ನು ನುಂಗಿದರಾಯಿತು ಎಂದು ತಾವು ಹೇಳಬಹುದು. ಈಗ ಚಿಂತಾಮಣಿಯಲ್ಲಾಗಲಿ ಗೌರಿಬಿದನೂರಿನಲ್ಲಾಗಲಿ ಔಷಧಿ ಚೀಟಿಯ ಕೊನೆಯ ಸಾಲಿನಲ್ಲಿ ಅದೊಂದು ಗುಳಿಗೆ ಇರುವುದು ರೂಢಿಯಾಗಿದೆ. ಗೌರಿಬಿದನೂರಿನ ಹೊಸೂರಿನವರಾದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳ ಪರೀಕ್ಷೆಗೆಂದು ಸಮಿತಿಯೊಂದನ್ನು ರಚಿಸಿದ್ದರು. ಪವಾಡ ಪುರುಷರಿಗೆ ಹಾಕಿದ ಪ್ರಶ್ನೆಯನ್ನು ಗುಳಿಗೆಗೂ ಹಾಕುವುದರಲ್ಲಿ ತಪ್ಪೇನಿಲ್ಲ.

ಹಾಕಿದವರಿದ್ದಾರೆ. ಇಸ್ರೇಲಿನ ವೈಝ್‌ಮನ್ ಸಂಸ್ಥೆಯವರು 21 ಮಂದಿಗೆ ಒಂದು ವಾರ ಪ್ರತಿಜೈವಿಕ ಕೊಟ್ಟು, ಅನಂತರ ಮೂರು ಪಂಗಡ ಮಾಡಿದರು. ಒಂದು ಪಂಗಡವನ್ನು ಅದರ ಪಾಡಿಗೆ ಬಿಟ್ಟರು. ಇನ್ನೊಂದಕ್ಕೆ ಹನ್ನೊಂದು ತಳಿಯ ಜೀವಾಣುಗಳ ಗುಳಿಗೆ ಕೊಟ್ಟರು. ಮೂರನೆಯದಕ್ಕೆ, ಔಷಧಿಗೆ ಮುಂಚೆಯೇ ತೆಗೆದಿಟ್ಟಿದ್ದ ಅವರವರ ಮಲದ ಜೀವಾಣುಗಳನ್ನೇ ಹಿಂದಿರುಗಿಸಿದರು. ಮೂರನೆಯ ಪಂಗಡದವರ ಕರುಳು ಕೆಲವೇ ದಿನಗಳಲ್ಲಿ ಮೊದಲಿನಂತಾಯಿತು. ಸುಮ್ಮನೆ ಬಿಟ್ಟವರದು ಕೆಲವು ವಾರಗಳಲ್ಲಿ ಸುಧಾರಿಸಿತು. ಎಲ್ಲರಿಗಿಂತ ಹಿಂದೆ ಬಿದ್ದವರು ಗುಳಿಗೆ ನುಂಗಿದವರು. ಹೊಸಬರು ಬಂದು ಮನೆ ಹಿಡಿದದ್ದರಿಂದ ಹಳಬರು ತಿಂಗಳುಗಟ್ಟಲೆ ಮರಳಲಾಗಲಿಲ್ಲ. ಇದು ಪ್ರಕಟವಾದದ್ದೂ 2018ರಲ್ಲೇ. ಚಿಕ್ಕ ಪ್ರಯೋಗ, ನಿಜ. ಒಂದರ ಮೇಲೆಯೇ ತೀರ್ಪು ಕೊಡಲಾಗದು. ಗುಳಿಗೆಯ ಪರವಾದ ಸಾಕ್ಷ್ಯವನ್ನೂ ಹೇಳುವುದು ನ್ಯಾಯ. ಔಷಧಿಯ ಜೊತೆಯಲ್ಲಿಯೇ ಕೊಟ್ಟಾಗ ಕೆಲವು ತಳಿಗಳು ಭೇದಿಯನ್ನು, ಅದರಲ್ಲೂ ಮಕ್ಕಳಲ್ಲಿ, ಕಡಿಮೆ ಮಾಡುತ್ತವೆ. ಒಡಿಶಾದ ಹಳ್ಳಿಗಳಲ್ಲಿ ಸುಮಾರು 4,500 ನವಜಾತ ಶಿಶುಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆರಿಸಿ ತೆಗೆದ ಒಂದೇ ತಳಿಯನ್ನು ಅದಕ್ಕೆ ಒಗ್ಗುವ ಸಕ್ಕರೆಯೊಡನೆ ಒಂದು ವಾರ ಕೊಟ್ಟದ್ದರಿಂದ, ರಕ್ತ ನಂಜೇರುವಿಕೆ ಮತ್ತು ಸಾವು ನೂರಕ್ಕೆ ನಲವತ್ತರಷ್ಟು ತಗ್ಗಿದವು. ಯಾವ ತಳಿ, ಯಾರಿಗೆ, ಯಾವಾಗ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿದ್ದರೆ ಗುಳಿಗೆ ಔಷಧಿ; ಇಲ್ಲವಾದರೆ ಖರ್ಚು. ಆರೋಗ್ಯವಂತನು ಜ್ವರ ಬಿಟ್ಟಮೇಲೆ ತಿಂಗಳಾನುಗಟ್ಟಲೆ ಅದನ್ನು ನುಂಗುವುದಕ್ಕೆ ನನಗೆ ಆಧಾರ ಕಾಣದು.

ಮೊಸರಿನ ಮಾತು ಬೇರೆ. ಪ್ಯಾಸ್ಟರ್ ಸಂಸ್ಥೆಯಲ್ಲಿದ್ದ, 1908ರ ನೊಬೆಲ್ ಬಹುಮಾನಿತ ಮೆಚ್ನಿಕಾಫ್ ಬಲ್ಗೇರಿಯದ ರೈತರ ದೀರ್ಘಾಯುಷ್ಯಕ್ಕೆ ಅವರ ಹುಳಿಮೊಸರೇ ಕಾರಣವೆಂದು ನಂಬಿ, ತಾವೂ ದಿನವೂ ಕುಡಿಯುತ್ತಿದ್ದರು. ಮೊಸರಿನ ಜೀವಾಣು ಕರುಳಿನಲ್ಲಿ ನೆಲೆಸುವುದಿಲ್ಲವೆಂದು ಮುಂದಿನ ತಲೆಮಾರಿನವರು ಕಂಡುಕೊಂಡರು. ಅದು ಜಾತ್ರೆಗೆ ಬಂದ ನೆಂಟ; ಎರಡು ದಿನವಿದ್ದು ಹೊರಟುಹೋಗುತ್ತದೆ. ನೆಂಟರಿಂದಲೂ ಮನೆಗೆ ಲಾಭವುಂಟು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹತ್ತು ವಾರ ಮೊಸರಿನಂಥ ಹುದುಗಿದ ಆಹಾರಗಳನ್ನು ಹೇರಳವಾಗಿ ತಿಂದವರ ಕರುಳಿನ ಜೀವಿಗಳ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ಉರಿಯೂತದ ಕುರುಹುಗಳು ತಗ್ಗಿದವು. ಮನೆಯಲ್ಲಿ ಹೆಪ್ಪಿಟ್ಟ ಮೊಸರು, ನೀರುಮಜ್ಜಿಗೆ, ರಾತ್ರಿ ಕಾಯಿಸಿಟ್ಟು ಬೆಳಗ್ಗೆ ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ ನಮಗೆ ಇದಕ್ಕಿಂತ ಹೊಸದನ್ನು ಹುಡುಕುವ ಅಗತ್ಯವಿಲ್ಲವೆನ್ನುವಷ್ಟು ಚೆನ್ನಾಗಿವೆ. ಮಜ್ಜಿಗೆಹುಳಿಯನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡಿ. ಕುದಿದಮೇಲೆ ಅದರಲ್ಲಿ ರುಚಿಯುಂಟು, ಜೀವವಿಲ್ಲ.

ಇಲ್ಲೊಂದು ಎಚ್ಚರಿಕೆ ಅತ್ಯವಶ್ಯ. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್ ಮೊದಲಾದ ಕೆಲವು ಮಾತ್ರೆಗಳು ಸುಣ್ಣದಂಶದೊಡನೆ ಕೂಡಿಕೊಂಡು, ರಕ್ತಕ್ಕೆ ಸೇರದೆ ವ್ಯರ್ಥವಾಗುತ್ತವೆ. ಹಾಲು ಮೊಸರುಗಳಲ್ಲಿ ಆ ಅಂಶವಿರುವುದು ಎಲ್ಲರಿಗೂ ಗೊತ್ತು. ನಮ್ಮ ರಾಗಿಯಲ್ಲಿ ನೂರು ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಇದೆ. ಅಂಬಲಿಯ ಲೋಟವನ್ನು ಒಂದು ಕೈಯಲ್ಲೂ ಮಾತ್ರೆಯನ್ನು ಇನ್ನೊಂದರಲ್ಲೂ ಹಿಡಿಯಬೇಡಿ. ಎರಡಕ್ಕೂ ನಡುವೆ ಕನಿಷ್ಠ ಎರಡು ಗಂಟೆಯ ಅಂತರವಿರಲಿ. ಕಬ್ಬಿಣದ ಮಾತ್ರೆಗೂ ಇದೇ ನಿಯಮ. ಅಂತರ ಎಷ್ಟೆಂದು ಕೊಟ್ಟ ವೈದ್ಯರನ್ನೇ ಕೇಳುವುದು ಉತ್ತಮ.

ಇನ್ನು ಪಥ್ಯ. ಜ್ವರ ಬಿಟ್ಟವನಿಗೆ ಬ್ರೆಡ್ಡು, ಬನ್ನು, ಬಿಸ್ಕತ್ತು, ಬಿಳಿಯ ಗಂಜಿ. ಮುದ್ದೆ ಭಾರ, ಕಾಳು ವಾಯು, ಸೊಪ್ಪು ಶೀತ. ನಾಲ್ಕು ದಿನದ ಮಟ್ಟಿಗೆ ಇದರಲ್ಲಿ ವಿವೇಕವಿದೆ. ದಣಿದ ಕರುಳಿಗೆ ಗಂಜಿ, ಉಪ್ಪು ಬೆರೆಸಿದ ಮಜ್ಜಿಗೆ, ಬಾಳೆಹಣ್ಣು ಹಿತವೇ. ಈ ನಾಲ್ಕು ದಿನ ನಾಲ್ಕು ವಾರವಾಗುವುದರಲ್ಲಿ ಅಪಾಯವಿದೆ. ನಾಶವಾಗದೆ ಉಳಿದ ಜೀವಾಣುಗಳು ಮತ್ತೆ ಹೆಚ್ಚಬೇಕಾದರೆ ಅವುಗಳಿಗೆ ನಾರು ಬೇಕು. ಮೈದಾದ ಬನ್ನಿನಲ್ಲಿ ಅದು ಎಷ್ಟಿದ್ದೀತು! ಔಷಧಿಯಿಂದ ಅಳಿದುಳಿದವರನ್ನು ನಾವು ಪಥ್ಯದ ಹೆಸರಿನಲ್ಲಿ ಹಸಿವಿನಿಂದ ಕೊಲ್ಲುತ್ತೇವೆ.

ಅವುಗಳಿಗೆ ಬೇಕಾದದ್ದು ನಮ್ಮ ಸೀಮೆಯ ಹೊಲದಲ್ಲೂ ಅಡುಗೆಮನೆಯಲ್ಲೂ ಹೇರಳವಾಗಿದೆ. ರಾಗಿಯೊಡನೆ ಅಕ್ಕಡಿಯಾಗಿ ಬೆಳೆಯುವ ಅವರೆ, ಅಲಸಂದೆ, ಬೇರೆಯಾಗಿ ಹುರುಳಿ. ಮಳೆ ಬಿದ್ದ ಹೊಲದಲ್ಲಿ ಹೆಂಗಸರು ಮಡಿಲು ತುಂಬ ಕಿತ್ತು ತರುವ ಬೆರಕೆಸೊಪ್ಪು. ಒಂದೇ ಬಗೆಯ ನಾರು ಒಂದೇ ಬಗೆಯ ಜೀವಿಗೆ ಮೇವು. ಹತ್ತು ಬಗೆಯ ಸೊಪ್ಪು ಬೆರೆತ ಬಸ್ಸಾರು ಹತ್ತು ಬಗೆಯವಕ್ಕೆ. ಬೇಯಿಸಿ ಆರಿಸಿದ ಅನ್ನದಲ್ಲೂ ಮುದ್ದೆಯಲ್ಲೂ ಪಿಷ್ಟದ ಒಂದು ಭಾಗ ಗಟ್ಟಿಗೊಂಡು, ಸಣ್ಣ ಕರುಳಿನಲ್ಲಿ ಕರಗದೆ ದೊಡ್ಡ ಕರುಳಿನವರೆಗೂ ಹೋಗಿ ಅಲ್ಲಿನವರಿಗೆ ಊಟವಾಗುತ್ತದೆ. ಹಾಗೆಂದು ಬೇಸಗೆಯಲ್ಲಿ ಇಡೀ ರಾತ್ರಿ ತೆರೆದಿಟ್ಟ ಅನ್ನವನ್ನು ಈಗಷ್ಟೆ ಎದ್ದ ರೋಗಿಗೆ ಬಡಿಸಬಾರದು; ಅದರಲ್ಲಿ ಬೇರೆ ನಂಜು ಹುಟ್ಟೀತು.

ಕ್ರಮ ಇಷ್ಟೆ. ಭೇದಿ ನಿಂತು ಹಸಿವು ಮೂಡಿದಮೇಲೆ ತೆಳು ಅಂಬಲಿಯಿಂದ ಆರಂಭಿಸಿ, ಮೂರು ನಾಲ್ಕು ದಿನದಲ್ಲಿ ಚಿಕ್ಕ ಮುದ್ದೆಗೆ ಬನ್ನಿ. ಹಿತಕಿದ ಬೇಳೆ ಸಿಪ್ಪೆಯಿಲ್ಲದ್ದರಿಂದ ಮೊದಲಿಗೆ ಹಗುರ. ಇಡೀ ಕಾಳು ಅನಂತರ ಬರಲಿ, ಮೊದಲ ದಿನ ಒಂದು ಹಿಡಿ ಸಾಕು. ಹೊಟ್ಟೆ ಸ್ವಲ್ಪ ಗುಡುಗುಡಿಸಿದರೆ ಹೆದರಬೇಕಾಗಿಲ್ಲ. ಒಳಗಿನವರು ಕೆಲಸ ಹಿಡಿದರೆಂಬ ಸುದ್ದಿ ಅದು. ನೋವು ಬಂದರೆ ಅಳತೆ ತಗ್ಗಿಸಿ. ಮೂತ್ರಪಿಂಡದ ಕಾಯಿಲೆಯವರು, ಕರುಳಿನ ಶಸ್ತ್ರಚಿಕಿತ್ಸೆಯಾದವರು ತಮ್ಮ ವೈದ್ಯರ ಮಾತಿನಂತೆ ನಡೆಯಬೇಕು.

ಕೊನೆಯದಾಗಿ, ಮನೆಯ ಆರೈಕೆ ಸಾಲದ ಒಂದು ಸ್ಥಿತಿ. ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂಬ ಜೀವಾಣುವನ್ನು 1935ರಲ್ಲಿ ಎಳೆಯ ಶಿಶುಗಳ ಕರುಳಿನಲ್ಲಿ ಗುರುತಿಸಿದ್ದರು. ಪ್ರತಿಜೈವಿಕದ ನಂತರ ಬರುವ ಕರುಳಿನ ಭೀಕರ ಉರಿಯೂತಕ್ಕೆ ಅದೇ ಕಾರಣವೆಂದು 1978ರಲ್ಲಿ ತಿಳಿಯಿತು. ಪೈರು ಹೋದ ಹೊಲದ ಕಳೆ ಇದು. ವಯಸ್ಸಾದವರಲ್ಲಿ, ಆಸ್ಪತ್ರೆಯಲ್ಲಿ ಮಲಗಿ ಬಂದವರಲ್ಲಿ ಹೆಚ್ಚು. ಮಾತ್ರೆ ಮುಗಿದು ಎರಡು ಮೂರು ತಿಂಗಳೊಳಗೆ ದಿನಕ್ಕೆ ಮೂರಕ್ಕಿಂತ ಹೆಚ್ಚು ಸಲ ನೀರಾಗಿ ಭೇದಿ, ಹೊಟ್ಟೆನೋವು, ಜ್ವರ ಇಲ್ಲವೆ ಮಲದಲ್ಲಿ ರಕ್ತ ಕಂಡರೆ ಭೇದಿ ನಿಲ್ಲಿಸುವ ಮಾತ್ರೆಯನ್ನು ತಾವಾಗಿಯೇ ನುಂಗಬಾರದು. ನಂಜು ಒಳಗೇ ನಿಂತು ಕೆಡುಕಾಗಬಹುದು. ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕರಗಿಸಿ ಕುಡಿಸುತ್ತ, ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. ಹೋಗುವಾಗ ಹಿಂದೆ ನುಂಗಿದ ಮಾತ್ರೆಯ ಖಾಲಿ ಪಟ್ಟಿಯನ್ನೂ ಒಯ್ಯಿರಿ. ಅದರ ಹಿಂಬದಿಯಲ್ಲಿ ಉದ್ದಕ್ಕೆ ಕೆಂಪು ಗೆರೆಯೊಂದು ಇರಬಹುದು. ಚೀಟಿಯಿಲ್ಲದೆ ಕೊಳ್ಳಬಾರದ ಔಷಧಿಗೆ ಅದು ಗುರುತು. 2016ರಲ್ಲಿ ಕೇಂದ್ರ ಸರ್ಕಾರ ಆ ಗೆರೆಯ ಅರ್ಥವನ್ನು ದೇಶಕ್ಕೆಲ್ಲ ಪ್ರಚಾರ ಮಾಡಿತ್ತು. ಹೊಟ್ಟೆ ಕೆಟ್ಟಿದೆ ಎಂದಷ್ಟೇ ಹೇಳಿದರೆ ವೈದ್ಯರು ಹತ್ತು ಕಾರಣಗಳನ್ನು ಹುಡುಕಬೇಕಾಗುತ್ತದೆ. ಪಟ್ಟಿಯನ್ನು ಮುಂದಿಟ್ಟು, ಇದನ್ನು ಇಂಥ ದಿನ ಮುಗಿಸಿದೆ ಎಂದರೆ ಅವರು ಕೇಳಬೇಕಾದ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿರುತ್ತದೆ.