ವ್ಯಾಪಾರಿ ಮನೆತನದ ಚರಿತ್ರೆ ಯಾರ ಕಡತದಲ್ಲಿದೆ?



ಹತ್ತೊಂಬತ್ತನೆಯ ಶತಮಾನದ ವ್ಯಾಪಾರಿ ಮನೆತನದ ಜಾಡು ಹಿಡಿಯುವವರು ಮೊದಲು ಆ ಮನೆಯ ಅಟ್ಟವನ್ನೇ ಹುಡುಕುತ್ತಾರೆ. ಆದರೆ ಅವರೊಡನೆ ಕೊಟ್ಟು ತೆಗೆದುಕೊಂಡವರ ಕಾಗದಪತ್ರಗಳಲ್ಲೇ ಅವರ ಚರಿತ್ರೆ ಹೆಚ್ಚು ಉಳಿದಿರುತ್ತದೆ ಎಂಬುದು ನನ್ನ ವಾದ. ನಮ್ಮ ಮುಂಬಯಿಯ ಜಮ್‌ಸೆಟ್‌ಜೀ ಜೀಜೀಭಾಯಿಯವರನ್ನೇ ನೋಡಿ. 1783ರಲ್ಲಿ ಹುಟ್ಟಿ, ಎಳೆವಯಸ್ಸಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡು, ಚೀನಾ ವ್ಯಾಪಾರದಲ್ಲಿ ಬೆಳೆದು, 1857ರಲ್ಲಿ ಬ್ಯಾರನೆಟ್ ಪದವಿಗೇರಿದ ಮೊದಲ ಭಾರತೀಯರು. ಜೆ.ಜೆ. ಆಸ್ಪತ್ರೆ, ಪತ್ನಿ ಆವಾಬಾಯಿಯವರ ಹಣದಿಂದ ಎದ್ದ ಮಾಹಿಮ್ ಕಾಸ್‌ವೇ ಎಲ್ಲರಿಗೂ ಕಾಣುತ್ತವೆ. ಹಣ ಬಂದ ದಾರಿ ಕಾಣುವುದು ವ್ಯಾಪಾರದ ಪತ್ರಗಳಲ್ಲಿ. ಪತ್ರದ ನಕಲು ಪೇಢಿಯ ಪುಸ್ತಕದಲ್ಲಿ ಉಳಿಯುತ್ತಿತ್ತು, ಮೂಲ ಹಡಗು ಹತ್ತುತ್ತಿತ್ತು. ಹಾಗಾಗಿ ಆ ನಕಲು ಪುಸ್ತಕಗಳು ಮುಂಬಯಿ ವಿಶ್ವವಿದ್ಯಾಲಯದಲ್ಲಿವೆ. ಎದುರು ಕಡೆಯಲ್ಲಿ ಅವರೊಡನೆ ಚೀನಾ ವ್ಯಾಪಾರ ನಡೆಸಿದ ಬ್ರಿಟಿಷ್ ಸಂಸ್ಥೆ ಜಾರ್ಡೀನ್ ಮ್ಯಾಥೆಸನ್ ಕಂಪನಿಯ ಕಡತಗಳು ಕೇಂಬ್ರಿಜ್‌ನಲ್ಲಿವೆ. ಎರಡನ್ನೂ ಕೂಡಿಸಿ ಓದಿದರೆ ಹತ್ತಿಯ ಜೊತೆಗೆ ಮಾಳ್ವದ ಅಫೀಮೂ ಕಾಣುತ್ತದೆ, ಪಾಲುದಾರರಾದ ಮೋತಿಚಂದ್ ಅಮಿಚಂದ್, ಮಹಮ್ಮದ್ ಅಲಿ ರೋಗೆ ಕೂಡ ಕಾಣುತ್ತಾರೆ. ಒಬ್ಬ ಪಾರ್ಸಿಯ ಏಳಿಗೆ ಎಂದುಕೊಂಡಿದ್ದರಲ್ಲಿ ಒಬ್ಬ ಜೈನರ, ಒಬ್ಬ ಕೊಂಕಣಿ ಮುಸ್ಲಿಮರ ಪಾಲೂ ಇತ್ತು.

ಪರದೇಶಿ ಕಂಪನಿಯ ಕಾಗದವನ್ನು ನಂಬುವುದು ಹೇಗೆ ಎಂದು ಕೇಳಬಹುದು. ಒಂದನ್ನೇ ನಂಬಬೇಕಿಲ್ಲ. ಕೊಟ್ಟವನಿಗೂ ಕೊಂಡವನಿಗೂ ಹಿತ ಬೇರೆ ಬೇರೆ. ಇಬ್ಬರ ಲೆಕ್ಕವೂ ತಾಳೆಯಾದರೆ ಅದಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದು ಕಷ್ಟ. ಈಸ್ಟ್ ಇಂಡಿಯಾ ಕಂಪನಿ ಸರ್ಕಾರವೇ ಒಪ್ಪಿದ ಅಫೀಮು ವ್ಯಾಪಾರವನ್ನು ಈಗ ಎತ್ತಿ ಆಡಿ ದಾನಿಯ ಹೆಸರೇಕೆ ಕೆಡಿಸಬೇಕು ಎಂಬ ಆಕ್ಷೇಪ ಇನ್ನೂ ತೂಕದ್ದು. ಆದರೆ ಚೀನಾ ಅದನ್ನು ನಿಷೇಧಿಸಿತ್ತು. 1839ರಲ್ಲಿ ಲಿನ್ ಝೆಶು ಎಂಬ ಅಧಿಕಾರಿ 20,000ಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ನಾಶಮಾಡಿಸಿದ. ಈ ಊರಿನ ರೋಗಿ ಪಡೆದದ್ದೂ ಆ ದೇಶದ ಚಟಗಾರ ಕಳೆದುಕೊಂಡದ್ದೂ ಒಂದೇ ವ್ಯಾಪಾರದಿಂದ. ದಾನವನ್ನು ಗೌರವಿಸುತ್ತಲೇ ಇದನ್ನೂ ಹೇಳಬೇಕು.

ಇದು ಮುಂಬಯಿ ಕನ್ನಡಿಗರಾದ ನಮಗೂ ಸಂಬಂಧಿಸಿದ ಮಾತು. ಧಾರವಾಡ, ಬೆಳಗಾವಿ, ವಿಜಾಪುರಗಳು ಮುಂಬಯಿ ಪ್ರಾಂತದಲ್ಲಿದ್ದವು. 1862ರಲ್ಲಿ ಉತ್ತರ ಕನ್ನಡವೂ ಸೇರಿತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟೆಯ ಬಂದರಿನಿಂದ ಮುಂಬಯಿಗೆ ಬರುತ್ತಿತ್ತು. ಆ ಹತ್ತಿಯ ಸಾಹುಕಾರರ ಖಾತೆಪುಸ್ತಕಗಳನ್ನು ಗೆದ್ದಲು ತಿಂದಿದ್ದರೂ ಪ್ರಾಂತ ಸರ್ಕಾರದ ಕಡತಗಳು ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದ ಪತ್ರಾಗಾರದಲ್ಲಿವೆ. ಆ ಸೀಮೆಯ ಹಳೆಯ ಅನೇಕ ಕಾಗದಪತ್ರಗಳನ್ನು ಓದಲು ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿ ಬೇಕು. ಕನ್ನಡ, ಮರಾಠಿ ಎರಡೂ ಬಲ್ಲ ನಮ್ಮ ಮಕ್ಕಳಿಗೆ ಅದು ದೂರದ ವಿದ್ಯೆಯಲ್ಲ. ನಮ್ಮ ಸಂಘ ಈ ವರ್ಷವೇ ಮೋಡಿ ತರಗತಿ ತೆರೆಯಲಿ, ಕುಮಟೆಯ ಹತ್ತಿಯ ಕಡತದಿಂದಲೇ ಓದು ಶುರುವಾಗಲಿ.