ಲೀಜಾ, ಶಕುಂತಲೆ ಮತ್ತು ಒಂದು ಮಾಸಪತ್ರಿಕೆ

1790ರ ನವೆಂಬರಿನಲ್ಲಿ ಮಾಸ್ಕೋದ ಸುದ್ದಿಪತ್ರಿಕೆಯಲ್ಲಿ ಒಂದು ಪ್ರಕಟಣೆ ಬಂತು. ಬರುವ ಜನವರಿಯಿಂದ ಹೊಸ ಮಾಸಪತ್ರಿಕೆಯೊಂದು ಹೊರಡಲಿದೆ. ಊರಿನವರಿಗೆ ವರ್ಷದ ಚಂದಾ ಐದು ರೂಬಲ್, ಪರಊರಿನವರಿಗೆ ಅಂಚೆವೆಚ್ಚ ಸೇರಿ ಏಳು. ಪದ್ಯ, ಗದ್ಯ, ಪುಸ್ತಕ ವಿಮರ್ಶೆ, ನಾಟಕ ವಿಮರ್ಶೆ ಎಲ್ಲವೂ ಇರುತ್ತವೆ. ಆದರೆ ಧರ್ಮಶಾಸ್ತ್ರ, ಗೂಢವಿದ್ಯೆ, ಒಣ ಪಾಂಡಿತ್ಯ ಇವಕ್ಕೆ ಜಾಗವಿಲ್ಲ! ಹೀಗೆ ಸಾರಿದವನು ನಿಕೊಲಾಯ್ ಕರಮ್ಜಿನ್. ಆಗ ಅವನಿಗೆ 24 ತುಂಬಿರಲಿಲ್ಲ. ಜರ್ಮನಿ, ಸ್ವಿಟ್ಜರ್ಲೆಂಡ್, ಫ್ರಾನ್ಸ್, ಇಂಗ್ಲೆಂಡ್ ಸುತ್ತಿ ಆಗಷ್ಟೇ ಮನೆಗೆ ಮರಳಿದ್ದ. ಪತ್ರಿಕೆಯ ಹೆಸರು ‘ಮಾಸ್ಕೋವ್‌ಸ್ಕಿ ಜುರ್ನಾಲ್’.

ರಷ್ಯಾಕ್ಕೆ ಪತ್ರಿಕೆ ಹೊಸದಾಗಿರಲಿಲ್ಲ. ವಿಜ್ಞಾನ ಅಕಾಡೆಮಿ 1755ರಿಂದಲೇ ಒಂದು ಮಾಸಪತ್ರಿಕೆ ತರುತ್ತಿತ್ತು. 1759ರಲ್ಲಿ ಕವಿ ಸುಮರೋಕೊವ್ ತನ್ನದೇ ಪತ್ರಿಕೆ ಹೊರಡಿಸಿದ. 1769ರಲ್ಲಿ ಸಾಮ್ರಾಜ್ಞಿ ಕ್ಯಾಥರೀನ್ ಮರೆಯಲ್ಲಿ ನಿಂತು ಒಂದು ವಿಡಂಬನೆಯ ವಾರಪತ್ರಿಕೆ ನಡೆಸಿದಳು. ಅದಕ್ಕೆ ಎದುರಾಗಿ ನಿಕೊಲಾಯ್ ನೊವಿಕೊವ್ ‘ತ್ರೂತೆನ್’ ತಂದು, ಜೀತದಾಳುಗಳನ್ನು ಹಿಂಡುವ ಜಮೀನುದಾರರನ್ನು ನೇರವಾಗಿ ಚುಚ್ಚಿದ. ಅವೆಲ್ಲ ಓದುಗರನ್ನು ತಿದ್ದಲು ಹೊರಟ ಪತ್ರಿಕೆಗಳು. ಮುಂದೆ ಇದೇ ನೊವಿಕೊವ್ ಮಕ್ಕಳಿಗಾಗಿಯೂ ಒಂದು ಪತ್ರಿಕೆ ಮಾಡಿದ. ಅದರ ಹೆಸರಿನಲ್ಲೇ ‘ಹೃದಯ’ ಎಂಬ ಮಾತಿತ್ತು, ಅದೂ ‘ಬುದ್ಧಿ’ಗಿಂತ ಮೊದಲು. ಕರಮ್ಜಿನ್ ಸಂಪಾದಕನ ಕೆಲಸ ಕಲಿತದ್ದು ಅಲ್ಲಿ.

ಕಲಿತದ್ದನ್ನು ಅವನು ದೊಡ್ಡವರ ಪತ್ರಿಕೆಗೆ ತಂದ. ಮೊದಲ ಕೆಲಸ ಭಾಷೆಯದು. ಚರ್ಚಿನ ಹಳೆಯ ಸ್ಲಾವಿಕ್ ಭಾಷೆಯ ಭಾರ ಹೊತ್ತ ಉದ್ದುದ್ದ ವಾಕ್ಯಗಳನ್ನು ಬಿಟ್ಟು, ನಡುಮನೆಯಲ್ಲಿ ಕುಳಿತು ಮಾತಾಡುವಂಥ ಗದ್ಯ ಬರೆದ. ಓದುಗರನ್ನು ಗೆಳೆಯರೇ ಎಂದು ಕರೆದ. ತನ್ನ ಪ್ರವಾಸದ ಅನುಭವಗಳನ್ನು ಪತ್ರಗಳಾಗಿ ಬರೆದು ತಿಂಗಳು ತಿಂಗಳು ಅಚ್ಚು ಹಾಕಿದ. ಇಂಗ್ಲೆಂಡಿನ ಸ್ಟರ್ನ್‌ನ ಬರಹಗಳನ್ನು ಅನುವಾದಿಸಿದ. ದೆರ್ಜಾವಿನ್‌ನಂಥ ಹಿರಿಯ ಕವಿಯೂ, ಗೆಳೆಯ ದ್ಮಿತ್ರಿಯೆವ್‌ನೂ ಅಲ್ಲಿ ಬರೆದರು. ಭಾವುಕತಾವಾದ ಎಂದು ನಾವು ಪಾಠದಲ್ಲಿ ಓದುವ ಚಳವಳಿ ರಷ್ಯಾದ ಓದುಗರಿಗೆ ತಲುಪಿದ್ದು ಹೀಗೆ, ತಿಂಗಳಿಗೊಮ್ಮೆ ಮನೆಗೆ ಬರುವ ಸಣ್ಣ ಪುಸ್ತಿಕೆಯಾಗಿ.

ಈಗ 1792ಕ್ಕೆ ಬರೋಣ. ಆ ವರ್ಷ ಜೂನ್ ಸಂಚಿಕೆಯಲ್ಲಿ ‘ಬಡ ಲೀಜಾ’ ಎಂಬ ಕಥೆ ಬಂತು. ಸೀಮೊನೊವ್ ಮಠದ ಹತ್ತಿರ ವಿಧವೆ ತಾಯಿಯ ಜೊತೆ ಬಾಳುವ ರೈತರ ಹುಡುಗಿ ಲೀಜಾ. ಕಾಡಿನ ಹೂ ಕಿತ್ತು ಮಾಸ್ಕೋ ಬೀದಿಯಲ್ಲಿ ಮಾರುತ್ತಾಳೆ. ಎರಾಸ್ತ್ ಎಂಬ ಸಿರಿವಂತ ತರುಣ ಬೆಲೆ ಕೇಳಿದರೆ ಐದು ಕೊಪೆಕ್ ಅನ್ನುತ್ತಾಳೆ. ಅವನು ಒಂದು ರೂಬಲ್ ಕೊಡಹೋಗುತ್ತಾನೆ. ಆಕೆ ಒಲ್ಲೆ ಅನ್ನುತ್ತಾಳೆ, ಐದೇ ಕೊಪೆಕ್ ಸಾಕು. ಮರುದಿನ ಇನ್ನೂ ಚೆಂದದ ಹೂ ಆರಿಸಿ ತರುತ್ತಾಳೆ. ಕೇಳಿದವರಿಗೆಲ್ಲ ಮಾರಾಟಕ್ಕಿಲ್ಲ ಎಂದು ಹೇಳಿ ಸಂಜೆಯವರೆಗೆ ಕಾಯುತ್ತಾಳೆ. ಅವನು ಬರುವುದಿಲ್ಲ. ಹೂವನ್ನೆಲ್ಲ ಮಾಸ್ಕ್ವಾ ನದಿಗೆ ಎಸೆದು ಮನೆಗೆ ಹೋಗುತ್ತಾಳೆ. ಕಡೆಯಲ್ಲಿ ಅವನು ಇಸ್ಪೀಟಿನಲ್ಲಿ ಆಸ್ತಿ ಕಳೆದು, ಸಿರಿವಂತ ವಿಧವೆಯೊಬ್ಬಳನ್ನು ಮದುವೆಯಾಗಲು ಒಪ್ಪಿ, ಲೀಜಾಳ ಜೇಬಿಗೆ ನೂರು ರೂಬಲ್ ಹಾಕಿ ಕಳಿಸುತ್ತಾನೆ. ಆಕೆ ಆ ಹಣವನ್ನು ತಾಯಿಗೆ ತಲುಪಿಸಲು ನೆರೆಮನೆಯ ಹುಡುಗಿಯ ಕೈಗಿತ್ತು ಕೊಳಕ್ಕೆ ಹಾರುತ್ತಾಳೆ.

ಈ ಕಥೆಯಲ್ಲಿ ಕಣ್ಣೀರು ಹೆಚ್ಚಾಯಿತು ಎಂದು ಮೂಗು ಮುರಿಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಐದು ಕೊಪೆಕ್‌ನಿಂದ ನೂರು ರೂಬಲ್‌ವರೆಗೆ ಹಣ ಬೆಳೆಯುವ ಲೆಕ್ಕ ನೋಡಿ. ಮೊದಲ ದಿನ ನ್ಯಾಯದ ಬೆಲೆಗಿಂತ ಒಂದು ಕಾಸೂ ಹೆಚ್ಚು ಬೇಡವೆಂದವಳ ಕೈಗೆ ಕೊನೆಯ ದಿನ ಅವಳದೇ ಬೆಲೆ ಎಣಿಸಿ ಹಾಕಲಾಗುತ್ತದೆ. ಅಳುವಿನ ಕೆಳಗೆ ಇಂಥ ಕಟ್ಟುನಿಟ್ಟಾದ ಕಸುಬು ಇದೆ. ಜಮೀನಿನ ಜೊತೆ ರೈತರನ್ನೂ ಮಾರುತ್ತಿದ್ದ ದೇಶದಲ್ಲಿ, ರೈತರ ಹೆಣ್ಣಿಗೂ ಪ್ರೀತಿಸಲು ಬರುತ್ತದೆ ಎಂದು ಈ ಕಥೆ ಹೇಳಿತು. ಕರಮ್ಜಿನ್ ಜೀತಪದ್ಧತಿಯನ್ನು ವಿರೋಧಿಸಿದವನಲ್ಲ, ಮುಂದೆ ಅದನ್ನು ಸಮರ್ಥಿಸಿಯೂ ಬರೆದ. ಅವನ ಕಥೆ ಅವನಿಗಿಂತ ಮುಂದೆ ಹೋಯಿತು. ಓದುಗರು ಆ ಕೊಳ ಹುಡುಕಿಕೊಂಡು ಹೋದರು, ದಡದ ಮರಗಳ ಮೇಲೆ ಅಕ್ಷರ ಕೆತ್ತಿದರು. ಕೊಳಕ್ಕೆ ಲೀಜಾಳ ಹೆಸರೇ ನಿಂತಿತು.

ಅದೇ 1792ರಲ್ಲಿ ಇದೇ ಪತ್ರಿಕೆಯಲ್ಲಿ ನಮ್ಮ ಕಾಳಿದಾಸನ ಶಾಕುಂತಲದ ದೃಶ್ಯಗಳು ರಷ್ಯನ್ ಭಾಷೆಯಲ್ಲಿ ಬಂದವು. ಕಲ್ಕತ್ತೆಯಲ್ಲಿದ್ದ ವಿಲಿಯಂ ಜೋನ್ಸ್ 1789ರಲ್ಲಿ ಇಂಗ್ಲಿಷಿಗೆ ತಂದ. 1791ರಲ್ಲಿ ಗಿಯೋರ್ಗ್ ಫೋರ್‌ಸ್ಟರ್ ಅದನ್ನು ಜರ್ಮನ್‌ಗೆ ತಂದ. ಮರುವರ್ಷವೇ ಕರಮ್ಜಿನ್ ಕೈಗೆತ್ತಿಕೊಂಡ. ಶಾಕುಂತಲವನ್ನು ಕನ್ನಡಕ್ಕೆ ತಂದ ನಮ್ಮ ಅಭಿನವ ಕಾಳಿದಾಸ ಬಸಪ್ಪಶಾಸ್ತ್ರಿಗಳು ಹುಟ್ಟುವುದಕ್ಕೂ ಅರ್ಧ ಶತಮಾನ ಮೊದಲಿನ ಮಾತಿದು. ಕಾಳಿದಾಸ ತನಗೆ ಹೋಮರನಷ್ಟೇ ದೊಡ್ಡವನು ಎಂದು ಕರಮ್ಜಿನ್ ಸ್ಪಷ್ಟವಾಗಿ ಬರೆದ. ಹೂಗಿಡಗಳ ನಡುವೆ ಬೆಳೆದ ಆಶ್ರಮದ ಹುಡುಗಿ, ಹೂ ಮಾರುವ ರೈತರ ಹುಡುಗಿ. ಮರೆತ ರಾಜ, ಮಾತು ಮುರಿದ ಸಿರಿವಂತ. ಒಬ್ಬಳಿಗೆ ಮರಳಿ ಸಿಕ್ಕಿದ್ದು ಇನ್ನೊಬ್ಬಳಿಗೆ ಸಿಗಲಿಲ್ಲ. ಒಂದೇ ವರ್ಷದ ಸಂಚಿಕೆಗಳಲ್ಲಿ ಇವರಿಬ್ಬರನ್ನೂ ಓದುಗರ ಮುಂದಿಟ್ಟ ಸಂಪಾದಕನ ಅಭಿರುಚಿಗೆ ನಾನು ತಲೆಬಾಗುತ್ತೇನೆ.

ಮೃದು ಹೃದಯವೆಂದರೆ ಪುಕ್ಕಲು ಹೃದಯವಲ್ಲ. ಆ ವರ್ಷದ ಏಪ್ರಿಲ್‌ನಲ್ಲಿ ಕ್ಯಾಥರೀನಳ ಆಜ್ಞೆಯಂತೆ ನೊವಿಕೊವ್‌ನನ್ನು ಬಂಧಿಸಿದರು. ಶಿಕ್ಷೆ 15 ವರ್ಷ ಕೋಟೆಯ ಸೆರೆವಾಸ. ಊರೆಲ್ಲ ಬಾಯಿ ಮುಚ್ಚಿಕೊಂಡಿದ್ದಾಗ ಕರಮ್ಜಿನ್ ತನ್ನ ಪತ್ರಿಕೆಯಲ್ಲಿ ಕರುಣೆಯನ್ನು ಕುರಿತ ಒಂದು ಕವಿತೆ ಅಚ್ಚು ಹಾಕಿದ. ಅದು ಯಾರಿಗಾಗಿ, ಯಾರನ್ನು ಬೇಡಿದ್ದು ಎಂಬುದು ತಿಳಿಯದವರಿರಲಿಲ್ಲ.

ವರ್ಷದ ಕೊನೆಗೆ ಪತ್ರಿಕೆ ನಿಂತಿತು. ಚಂದಾದಾರರು ಸುಮಾರು 300 ಮಂದಿ. ಆದರೂ ಹಳೆಯ ಸಂಚಿಕೆಗಳನ್ನು ಜನ ಬಿಡಲಿಲ್ಲ; 1801ರಿಂದ ಅವನ್ನೆಲ್ಲ ಮತ್ತೆ ಅಚ್ಚು ಹಾಕಬೇಕಾಯಿತು. 1802ರಲ್ಲಿ ಕರಮ್ಜಿನ್ ‘ವೆಸ್ತ್‌ನಿಕ್ ಎವ್ರೋಪಿ’ ಆರಂಭಿಸಿದ. ಈ ಸಲ ಚಂದಾದಾರರು ಸಾವಿರ ದಾಟಿದರು, ಸಂಪಾದಕನಿಗೆ ಸಂಬಳವೂ ಬಂತು. ಎರಡು ವರ್ಷದ ಬಳಿಕ ಅವನು ರಷ್ಯಾದ ಇತಿಹಾಸ ಬರೆಯಲು ಎದ್ದು ಹೋದ. ಪತ್ರಿಕೆ ಬೇರೆಯವರ ಕೈಯಲ್ಲಿ ನಡೆಯಿತು. 1814ರಲ್ಲಿ ಹದಿನೈದರ ಶಾಲಾಹುಡುಗನೊಬ್ಬ ಹೆಸರು ಮರೆಸಿ ಕಳಿಸಿದ ಕವಿತೆ ಅದರಲ್ಲಿ ಅಚ್ಚಾಯಿತು. ಅದು ಪುಷ್ಕಿನ್‌ನ ಮೊದಲ ಪ್ರಕಟಿತ ಕವಿತೆ.