ಬಸ್ಸಿನ ಹೊಗೆ ಎಲ್ಲಿಗೆ ಹೋಯಿತು?



ನಾನು ವಿಜ್ಞಾನದ ಮೇಷ್ಟ್ರಲ್ಲ, ಉರ್ದು ಮತ್ತು ಕನ್ನಡ ಕಲಿಸುವವನು. ಈ ವಿಷಯ ನನ್ನ ಕೈಗೆ ಬಂದದ್ದೂ ಒಂದು ಕಾಗುಣಿತದ ತಪ್ಪಿನಿಂದಲೇ. ಎಂಟನೇ ತರಗತಿಯ ಹುಡುಗನೊಬ್ಬ ಪ್ರಬಂಧದಲ್ಲಿ 'ಬಸ್ಸಿನಿಂದ ಹೋಗೆ ಬರುತ್ತದೆ' ಎಂದು ಬರೆದಿದ್ದ. ಮನೆಯಲ್ಲಿ ಉರ್ದು ಮಾತನಾಡುವ ನಮ್ಮ ಮಕ್ಕಳಿಗೆ ಕನ್ನಡದ ಎ, ಏ, ಒ, ಓ ಸ್ವಲ್ಪ ತೊಡಕು. ಕೆಂಪು ಶಾಯಿಯಲ್ಲಿ 'ಹೊಗೆ' ಎಂದು ತಿದ್ದಿದೆ. ಮರುದಿನ ಅವನು ಎದ್ದು ನಿಂತು ಕೇಳಿದ: "ಸರ್, ಬೆಂಗಳೂರಿನಲ್ಲಿ ಕರೆಂಟ್ ಬಸ್ಸು ನೋಡಿದೆ. ಅದಕ್ಕೆ ಹೊಗೆ ಕೊಳವೆಯೇ ಇಲ್ಲ. ಹಾಗಾದರೆ ಆ ಹೊಗೆ ಎಲ್ಲಿಗೆ ಹೋಯಿತು?" ಆಗ ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಮೊದಲು ದೆಹಲಿಯ ಕಥೆ. ಅಲ್ಲಿನ ವಾಯುಮಾಲಿನ್ಯದ ಬಗ್ಗೆ ವಕೀಲ ಎಂ.ಸಿ. ಮೆಹ್ತಾ ಅವರು 1985ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ್ದರು. 1998ರ ಜುಲೈಯಲ್ಲಿ ನ್ಯಾಯಾಲಯ, ನಗರದ ಎಲ್ಲ ಬಸ್ಸುಗಳೂ 2001ರ ಮಾರ್ಚ್ 31ರೊಳಗೆ ಡೀಸೆಲ್ ಬಿಟ್ಟು ಸಿ.ಎನ್.ಜಿ. ಎಂಬ ಅನಿಲದಲ್ಲಿ ಓಡಬೇಕೆಂದು ಆಜ್ಞೆ ಮಾಡಿತು. ಗಡುವು ಬಂತು, ಬಸ್ಸುಗಳು ಸಿದ್ಧವಿರಲಿಲ್ಲ, ಅನಿಲ ತುಂಬುವ ಬಂಕುಗಳೂ ಸಾಲದಾಗಿದ್ದವು. ಆಟೋಗಳು, ಬಸ್ಸುಗಳು ತಾಸುಗಟ್ಟಲೆ ಸಾಲಿನಲ್ಲಿ ನಿಂತವು. ನಿಲ್ದಾಣದಲ್ಲಿ ಜನ ಬಸ್ಸಿಲ್ಲದೆ ಕಾದರು. ಬಿಟ್ಟುಕೊಡದ ನ್ಯಾಯಾಲಯ ಗಡುವನ್ನು ತುಸು ಸಡಿಲಿಸಿತಷ್ಟೇ. 2002ರ ಕೊನೆಯ ಹೊತ್ತಿಗೆ ನಗರದ ಡೀಸೆಲ್ ಬಸ್ಸುಗಳು ಮರೆಯಾದವು. ಬಸ್ಸಿನ ಹಿಂದೆ ಏಳುತ್ತಿದ್ದ ಕಪ್ಪು ಮಸಿ ಕಡಿಮೆಯಾಯಿತು.

ಆದರೂ ದೆಹಲಿಯ ಚಳಿಗಾಲ ಇಂದು ಹೇಗಿದೆ ಎಂಬುದು ನಿಮಗೆ ಗೊತ್ತೇ ಇದೆ. ಬಸ್ಸು ಶುದ್ಧವಾಯಿತು, ಆದರೆ ಕಾರು, ಸ್ಕೂಟರುಗಳು ಲಕ್ಷಗಟ್ಟಲೆ ಹೆಚ್ಚಿದವು. ಅಕ್ಕಪಕ್ಕದ ರಾಜ್ಯಗಳ ಕೂಳೆ ಸುಡುವ ಹೊಗೆ, ಕಟ್ಟಡದ ಧೂಳು ಬೇರೆ. ಅನಿಲವೂ ಪೂರ್ತಿ ನಿರಪರಾಧಿಯಲ್ಲ. ಅದರ ಮುಖ್ಯ ಭಾಗ ಮೀಥೇನ್. ಸೋರಿ ಆಕಾಶ ಸೇರಿದರೆ ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಅದು ಬಹಳ ಜೋರು.

ಈಗ ಹುಡುಗನ ಪ್ರಶ್ನೆಗೆ ಬರೋಣ. ಇದನ್ನು ನಾನು ಕಪ್ಪು ಹಲಗೆಯ ಮೇಲೆ ಲೆಕ್ಕ ಮಾಡಿಯೇ ತೋರಿಸಿದೆ. ನೀವೂ ಪೆನ್ನು ತೆಗೆದುಕೊಳ್ಳಿ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈ ಆಕ್ಸೈಡ್ ಬರುತ್ತದೆ. ಒಂದು ಲೀಟರ್ ಡೀಸೆಲ್ ಒಂದು ಕಿಲೋ ಕೂಡ ತೂಗುವುದಿಲ್ಲ, ಇಷ್ಟು ಎಲ್ಲಿಂದ ಬಂತು ಎಂದು ಮಕ್ಕಳು ಹುಬ್ಬೇರಿಸಿದರು. ಉರಿಯುವಾಗ ಅದು ಗಾಳಿಯ ಆಮ್ಲಜನಕವನ್ನು ಕೂಡಿಸಿಕೊಳ್ಳುತ್ತದೆ, ತೂಕ ಅಲ್ಲಿಂದ ಬಂತು. ಬಸ್ಸು ಲೀಟರಿಗೆ ನಾಲ್ಕು ಕಿಲೋಮೀಟರ್ ಓಡಿತೆಂದರೆ ಕಿಲೋಮೀಟರಿಗೆ ಸುಮಾರು 670 ಗ್ರಾಂ. ಇತ್ತ ದೊಡ್ಡ ವಿದ್ಯುತ್ ಬಸ್ಸಿಗೆ ಕಿಲೋಮೀಟರಿಗೆ ಹೆಚ್ಚು ಕಡಿಮೆ ಒಂದು ಯೂನಿಟ್ ಬೇಕು. ಭಾರತದಲ್ಲಿ ಕರೆಂಟಿನ ಬಹುಪಾಲು ಕಲ್ಲಿದ್ದಲಿನಿಂದ ಬರುವುದರಿಂದ ಸರಾಸರಿ ಒಂದು ಯೂನಿಟ್‌ಗೆ ಸುಮಾರು 700 ಗ್ರಾಂ. ಅಂದರೆ ಎರಡೂ ಸಮಸಮ! ಈ ಉತ್ತರ ಬಂದಾಗ ತರಗತಿ ಸುಮ್ಮನಾಯಿತು, ನಾನೂ ಸುಮ್ಮನಾದೆ. ಹೊಗೆ ಮಾಯವಾಗಿರಲಿಲ್ಲ, ಬಸ್ಸಿನ ಬಾಲದಿಂದ ವಿದ್ಯುತ್ ಸ್ಥಾವರದ ಚಿಮಣಿಗೆ ಮನೆ ಬದಲಿಸಿತ್ತು.

ಹಾಗಾದರೆ ಲಾಭವೇ ಇಲ್ಲವೇ? ಇದೆ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಹೇಳಿತು. ಬಸ್ ಸ್ಟ್ಯಾಂಡಿನಲ್ಲಿ ದಿನವಿಡೀ ಬಾಳೆಹಣ್ಣಿನ ಗಾಡಿ ಇಟ್ಟುಕೊಂಡು ನಿಲ್ಲುವವರ, ಟ್ರಾಫಿಕ್ ಪೊಲೀಸರ, ಕಂಡಕ್ಟರರ ಮೂಗಿನ ಬಳಿಯಿಂದ ಆ ಹೊಗೆ ದೂರವಾದರೆ ಅದು ಸಣ್ಣ ಮಾತಲ್ಲ. ಎರಡನೆಯದಾಗಿ, ಡೀಸೆಲ್ ಇಂಜಿನನ್ನು ಸೂರ್ಯನಿಗೆ ಜೋಡಿಸಲು ಬರುವುದಿಲ್ಲ, ಕರೆಂಟ್ ಬಸ್ಸನ್ನು ಜೋಡಿಸಬಹುದು. ನಮ್ಮ ಕರ್ನಾಟಕಕ್ಕೆ ಸ್ವಂತ ಕಲ್ಲಿದ್ದಲು ಇಲ್ಲ. ರಾಯಚೂರಿನ ಸ್ಥಾವರಕ್ಕೆ ಅದು ಹೊರಗಿನಿಂದ ರೈಲಿನಲ್ಲಿ ಬರಬೇಕು. ಆದರೆ ಶರಾವತಿಯ ನೀರಿದೆ, ಚಿತ್ರದುರ್ಗದ ಗುಡ್ಡಗಳ ಗಾಳಿಯಿದೆ, ಪಾವಗಡದಲ್ಲಿ 2,050 ಮೆಗಾವಾಟ್ ಸೌರ ಪಾರ್ಕಿದೆ.

ಇಲ್ಲೊಂದು ತೊಡಕು. ಬಸ್ಸುಗಳು ಹಗಲೆಲ್ಲ ಓಡಿ ರಾತ್ರಿ ಡಿಪೋಗೆ ಬಂದು ಚಾರ್ಜಿಗೆ ನಿಲ್ಲುತ್ತವೆ. ಪಾವಗಡದ ಸೂರ್ಯ ಆಗ ಇರುವುದಿಲ್ಲ. ದೊಡ್ಡ ಬಸ್ಸಿನ ಬ್ಯಾಟರಿ ಸುಮಾರು 200ರಿಂದ 300 ಯೂನಿಟ್ ಹಿಡಿಯುತ್ತದೆ. ಗೃಹಜ್ಯೋತಿಯಲ್ಲಿ ಒಂದು ಮನೆಗೆ ತಿಂಗಳಿಗೆ ಸಿಗುವ ಗರಿಷ್ಠ ಮಿತಿಯೇ 200 ಯೂನಿಟ್ ಎಂಬುದನ್ನು ನೆನೆಯಿರಿ. ಇಂಥ ನೂರಾರು ಬಸ್ಸುಗಳು ರಾತ್ರಿ ಒಟ್ಟಿಗೆ ಪ್ಲಗ್ಗು ಚುಚ್ಚಿದರೆ ಆ ಕರೆಂಟು ಎಲ್ಲಿಂದ ಬರಬೇಕು? ಮಧ್ಯಾಹ್ನ ಜನ ಕಡಿಮೆ ಇರುವ ಹೊತ್ತಿನಲ್ಲಿ ಅಷ್ಟಿಷ್ಟು ಚಾರ್ಜು ಮಾಡುವುದು, ರಾತ್ರಿಗೆ ಜಲವಿದ್ಯುತ್ತನ್ನು ಉಳಿಸಿಕೊಳ್ಳುವುದು ದಾರಿ. ಹೊಸ ಬಸ್ಸಿಗೆ ಹಸಿರು ಬಾವುಟ ತೋರಿಸಿದಷ್ಟು ಸುಲಭವಲ್ಲ ಇದು.

ನಮ್ಮ ರಾಜ್ಯದಲ್ಲಿ ಬಿ.ಎಂ.ಟಿ.ಸಿ. 2014ರಲ್ಲೇ ವಿದ್ಯುತ್ ಬಸ್ಸೊಂದನ್ನು ಪ್ರಯೋಗಕ್ಕೆ ಓಡಿಸಿತ್ತು. 2021ರ ಕೊನೆಯಲ್ಲಿ ಮೆಟ್ರೋ ನಿಲ್ದಾಣಗಳಿಗೆ ಸಂಪರ್ಕ ಕೊಡುವ ಸಣ್ಣ ಬಸ್ಸುಗಳು, 2022ರಲ್ಲಿ ದೊಡ್ಡವು, 2023ರಲ್ಲಿ ಬೆಂಗಳೂರು-ಮೈಸೂರು ನಡುವೆ ಕೆ.ಎಸ್.ಆರ್.ಟಿ.ಸಿ.ಯವು ಬಂದವು.

ನನ್ನ ಇನ್ನೊಂದು ಲೆಕ್ಕ ಕೇಳಿ. ಅರವತ್ತು ಜನ ತುಂಬಿದ ಹಳೆಯ ಡೀಸೆಲ್ ಬಸ್ಸಿನಲ್ಲಿ ತಲೆಗೆ ಕಿಲೋಮೀಟರಿಗೆ 11 ಗ್ರಾಂ ಬೀಳುತ್ತದೆ. ಲೀಟರಿಗೆ 45 ಕಿಲೋಮೀಟರ್ ಕೊಡುವ ಸ್ಕೂಟರಿನಲ್ಲಿ ಒಬ್ಬರೇ ಹೋದರೆ ಸುಮಾರು 50 ಗ್ರಾಂ. 15 ಕಿಲೋಮೀಟರಿನ ಕಾರಿನಲ್ಲಿ ಒಬ್ಬರೇ ಹೋದರೆ 150. ಆದ್ದರಿಂದ ಬಸ್ಸು ಯಾವುದರಲ್ಲಿ ಓಡುತ್ತದೆ ಎಂಬುದಕ್ಕಿಂತ ಮೊದಲು ಬಸ್ಸು ಇದೆಯೇ ಎಂದು ಕೇಳಬೇಕಾಗುತ್ತದೆ. ವಿದ್ಯುತ್ ಬಸ್ಸಿನ ಬೆಲೆ ಡೀಸೆಲ್ ಬಸ್ಸಿಗಿಂತ ಬಹಳ ಹೆಚ್ಚು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಎಷ್ಟು ಹೆಣ್ಣುಮಕ್ಕಳು ಬಸ್ಸು ಹತ್ತಿದರೆಂದು ಕಣ್ಣಾರೆ ಕಂಡಿದ್ದೇವೆ. ಪಿಯುಸಿ ಮುಗಿಸಿದ ಹುಡುಗಿ ಡಿಗ್ರಿಗೆ ಸೇರುತ್ತಾಳೋ ಇಲ್ಲವೋ ಎಂಬುದು ನಮ್ಮ ಎಷ್ಟೋ ಮನೆಗಳಲ್ಲಿ ಬೆಳಗಿನ ಎಂಟು ಗಂಟೆಯ ಬಸ್ಸಿನ ಮೇಲೆ ನಿಂತಿದೆ. ಎರಡು ಸಾದಾ ಬಸ್ಸಿನ ದುಡ್ಡಿನಲ್ಲಿ ಒಂದು ಹೊಸ ಬಸ್ಸು ಬಂದು, ಆ ಎಂಟು ಗಂಟೆಯ ಬಸ್ಸು ನಿಂತುಹೋದರೆ ನಾನಂತೂ ಅದನ್ನು ಪ್ರಗತಿ ಎನ್ನಲಾರೆ. ಎರಡೂ ಬೇಕೆಂದು ಕೇಳುವ ಹಕ್ಕು ನಮಗಿದೆ.

ಕೊನೆಯದಾಗಿ ಒಂದು ಮನೆಯ ಮಾತು. ನನ್ನ ಮಾಮೂ ಮೂವತ್ತು ವರ್ಷದಿಂದ ಡೀಸೆಲ್ ಪಂಪ್ ರಿಪೇರಿ ಮಾಡುತ್ತಾರೆ. ಈ ಊರಿನ ಗ್ಯಾರೇಜುಗಳಲ್ಲಿ ನಮ್ಮ ಹುಡುಗರು ಎಷ್ಟಿದ್ದಾರೆಂದು ನಿಮಗೇ ಗೊತ್ತು. ಕರೆಂಟ್ ಬಸ್ಸಿನಲ್ಲಿ ಡೀಸೆಲ್ ಪಂಪಿಲ್ಲ, ಕ್ಲಚ್ಚಿಲ್ಲ, ಇಂಜಿನ್ ಆಯಿಲ್ಲಿಲ್ಲ ಎಂದು ಹೇಳಿದಾಗ ಅವರು ಸ್ವಲ್ಪ ಹೊತ್ತು ಕೈ ಒರೆಸಿಕೊಳ್ಳುತ್ತಾ ಕುಳಿತಿದ್ದರು. "ಮತ್ತೆ ಅದರಲ್ಲಿ ಬಿಚ್ಚೋಕೆ ಏನಿದೆ ಬೇಟಾ?" ಎಂದರು. ಮೋಟಾರು, ಬ್ಯಾಟರಿ, ಕಂಟ್ರೋಲರ್ ಇದೆ, ಆದರೆ ಸ್ಪ್ಯಾನರ್ ಹಿಡಿಯುವ ಮೊದಲು ಓದಬೇಕು, ಆ ಬ್ಯಾಟರಿಯ ವೋಲ್ಟೇಜು ಜೀವ ತೆಗೆಯುವಂಥದ್ದು ಎಂದೆ. ಈ ವರ್ಷ ಅವರ ಕಿರಿಯ ಮಗ ಐ.ಟಿ.ಐ.ನಲ್ಲಿ ಎಲೆಕ್ಟ್ರಿಷಿಯನ್ ವಿಭಾಗಕ್ಕೆ ಸೇರಿದ್ದಾನೆ. ಸಂಜೆ ಗ್ಯಾರೇಜಿಗೂ ಹೋಗುತ್ತಾನೆ.